ಇಳಿದು ತಳ್ಳದೆ ಏರಿದವರು

1987ರ ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಲ್ಜಿಯಂ ದೇಶದ ಔಡೆನಾರ್ಡೆ ಪಟ್ಟಣದ ಹತ್ತಿರ ಕೊಪ್ಪೆನ್‌ಬರ್ಗ್ ಎಂಬ ದಿಬ್ಬ. ಹೆಸರಿನ ಕೊನೆಯ ‘ಬರ್ಗ್’ ಎಂಬುದಕ್ಕೆ ಬೆಟ್ಟವೆಂದೇ ಅರ್ಥವಾದರೂ ಮಲೆನಾಡಿನವರು ಅದನ್ನು ಬೆಟ್ಟವೆಂದು ಒಪ್ಪಲಾರರು. ಹೊಲಗಳ ನಡುವೆ ಎದ್ದುನಿಂತ ದಿಣ್ಣೆ. ಅದರ ಮೈಮೇಲೆ ಒಂದು ಗಾಡಿ ಹೋಗುವಷ್ಟು ಅಗಲದ, ಕಲ್ಲು ಹಾಸಿದ ಓಣಿ. ಉದ್ದ 600 ಮೀಟರ್ ಮಾತ್ರ. ಆ ದಿನ ಆ ಓಣಿಯನ್ನು ಎಲ್ಲರಿಗಿಂತ ಮುಂದಾಗಿ ಹತ್ತುತ್ತಿದ್ದವನು ಡೆನ್ಮಾರ್ಕಿನ ಯೆಸ್ಪರ್ ಸ್ಕಿಬಿ. ಏರು ಕಡಿದಾಗುತ್ತಿದ್ದಂತೆ ಅವನ ವೇಗ ನಡಿಗೆಯ ವೇಗಕ್ಕಿಳಿಯಿತು. ಬೆನ್ನಿಗೇ ಪಂದ್ಯದ ಅಧಿಕಾರಿಗಳ ಕಾರು. ತಾಗಿದ್ದೇ ತಡ, ಸ್ಕಿಬಿ ಓಣಿಯ ಅಂಚಿಗೆ ಉರುಳಿದ. ಪಾದಗಳಿನ್ನೂ ಪೆಡಲಿನ ಪಟ್ಟಿಯೊಳಗೇ ಸಿಕ್ಕಿಕೊಂಡಿದ್ದವು. ಹಿಂದೆ ಬರುತ್ತಿದ್ದ ನೂರಾರು ಸವಾರರಿಗೆ ದಾರಿ ಬಿಡಬೇಕಾಗಿದ್ದ ಕಾರು ನಿಲ್ಲಲಿಲ್ಲ. ಬಿದ್ದ ಸೈಕಲ್ಲಿನ ಗಾಲಿಯ ಮೇಲೆಯೇ ಹಾದು ಮುಂದಕ್ಕೆ ಹೋಯಿತು. ಸ್ಕಿಬಿಯ ಕಾಲು ಉಳಿದದ್ದೇ ಪುಣ್ಯ. ನೆರೆದ ಜನ ಕೂಗಾಡಿದರು. ಅದಾದ ಮೇಲೆ ಹದಿನೈದು ವರ್ಷ, 2002ರವರೆಗೆ, ಫ್ಲಾಂಡರ್ಸ್ ಪ್ರವಾಸ ಎಂಬ ಆ ಪ್ರಸಿದ್ಧ ಪಂದ್ಯ ಕೊಪ್ಪೆನ್‌ಬರ್ಗಿನ ಕಡೆ ತಲೆ ಹಾಕಲಿಲ್ಲ.

600 ಮೀಟರಿನ ದಿಬ್ಬಕ್ಕೆ ಇಷ್ಟೊಂದು ರಾದ್ಧಾಂತವೇಕೆ? ಆಲ್ಪ್ಸ್ ಪರ್ವತದ ಘಾಟಿಗಳು ಇಪ್ಪತ್ತು ಕಿಲೋಮೀಟರ್ ಉದ್ದವಿರುತ್ತವೆ, ಸೈಕಲ್ ಸವಾರರು ಅವನ್ನೂ ಹತ್ತುತ್ತಾರೆ. ಆದರೆ ಉದ್ದನೆಯ ಘಾಟಿ ತಾಳ್ಮೆಯ ಪರೀಕ್ಷೆ. ಅಲ್ಲಿ ಉಸಿರನ್ನು ಹದವಾಗಿ ಹಂಚಿಕೊಳ್ಳುತ್ತ ಒಂದು ಗಂಟೆ ಒಂದೇ ಲಯದಲ್ಲಿ ಪೆಡಲ್ ತುಳಿಯುವವನು ಗೆಲ್ಲುತ್ತಾನೆ. ಗಿಡ್ಡ, ಕಡಿದಾದ ಏರಿನ ಲೆಕ್ಕವೇ ಬೇರೆ. ಕೊಪ್ಪೆನ್‌ಬರ್ಗಿನ ಸರಾಸರಿ ಏರು ಶೇ. 11.6, ಅತಿ ಕಡಿದಾದ ಕಡೆ ಶೇ. 22. ಎಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ 22 ಮೀಟರ್ ಮೇಲೇರಬೇಕು. ಸೈಕಲ್ ಸಮೇತ 80 ಕಿಲೋ ತೂಗುವ ಸವಾರನೊಬ್ಬ ಶೇ. 20ರ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗಬೇಕಾದರೆ ಅವನ ಕಾಲುಗಳು ಸುಮಾರು 340 ವಾಟ್ ಶಕ್ತಿ ಒದಗಿಸಬೇಕು. ಅದು ಹತ್ತಿರ ಹತ್ತಿರ ಅರ್ಧ ಅಶ್ವಶಕ್ತಿ. ಅದೇ ಶಕ್ತಿಯಲ್ಲಿ ಸಪಾಟಾದ ರಸ್ತೆಯಲ್ಲಿ ಅವನು ಸ್ಕೂಟರಿನ ಜೊತೆಗೆ ಸಾಗಬಲ್ಲ. ಇಲ್ಲಿ ಹೆಜ್ಜೆ ಹಾಕುವವನ ಜೊತೆಗೂ ಕಷ್ಟ. ಇನ್ನೂ ಒಂದು ತೊಡಕಿದೆ. ಆ ವೇಗಕ್ಕಿಂತ ಕೆಳಗಿಳಿದರೆ ಸೈಕಲ್ ನಿಲ್ಲುವುದಿಲ್ಲ, ಬೀಳುತ್ತದೆ. ಘಾಟಿಯಲ್ಲಿ ದಣಿದವನು ನಿಧಾನಿಸಬಹುದು, ದಿಬ್ಬದಲ್ಲಿ ದಣಿದವನು ಇಳಿಯಬೇಕು.

ಇಳಿಯುವುದು ಅವಮಾನವೇ? ಸೈಕಲ್ಲಿನ ಹ್ಯಾಂಡಲ್ ಹಿಡಿದು ದಿಬ್ಬ ತಳ್ಳಿಕೊಂಡು ಹೋಗುವುದು ಊರೂರಿನಲ್ಲೂ ಇರುವ ರೂಢಿ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ಪಂದ್ಯದ ಸವಾರರು ಮೊದಲಿನಿಂದಲೂ ಅದನ್ನು ಮಾನದ ಪ್ರಶ್ನೆ ಮಾಡಿಕೊಂಡರು. ಈಗಿನ ರೂಪದ ಸೈಕಲ್ ಬಂದದ್ದು 1885ರ ಸುಮಾರಿಗೆ, ಇಂಗ್ಲೆಂಡಿನಲ್ಲಿ. ಎರಡೇ ವರ್ಷಕ್ಕೆ, 1887ರಲ್ಲಿ, ಲಂಡನ್ನಿನ ಕ್ಯಾಟ್‌ಫರ್ಡ್ ಸೈಕ್ಲಿಂಗ್ ಕ್ಲಬ್ಬು ವೆಸ್ಟರ್‌ಹ್ಯಾಮ್ ದಿಬ್ಬದಲ್ಲಿ ಏರುಪಂದ್ಯ ನಡೆಸಿತು. ಆಗಿನ್ನೂ ಡನ್‌ಲಪ್ ಗಾಳಿಯ ಟೈರು ಕಂಡುಹಿಡಿದಿರಲಿಲ್ಲ. ಗಟ್ಟಿ ರಬ್ಬರಿನ ಗಾಲಿ, ಒಂದೇ ಗೇರ್, ಧೂಳಿನ ದಾರಿ. ಆ ಪಂದ್ಯ ಜಾಗ ಬದಲಿಸಿಕೊಂಡು ಈಗಲೂ ಕೆಂಟ್ ಪ್ರಾಂತದ ಯಾರ್ಕ್ಸ್ ಹಿಲ್‌ನಲ್ಲಿ ನಡೆಯುತ್ತದೆ. ಸೈಕಲ್ ಪಂದ್ಯಗಳಲ್ಲೇ ಬಹಳ ಹಳೆಯದೆಂಬ ಹೆಸರು ಅದಕ್ಕಿದೆ. ಅಲ್ಲಿಗೆ ಬರುವವರು ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಲು ಹ್ಯಾಂಡಲ್ಲಿನ ತುದಿಯನ್ನು ಗರಗಸದಿಂದ ಕೊಯ್ದು, ಬಿಡಿಭಾಗಗಳಿಗೆ ತೂತು ಕೊರೆದು ತರುವುದುಂಟು. ಮೂರು ನಿಮಿಷದ ಆಟಕ್ಕೆ ಇಷ್ಟು ಸಿದ್ಧತೆ!

ಕಾಲಿಗೆ ನೆರವಾಗುವ ಗೇರುಗಳು ಬಂದಾಗ ಅವನ್ನು ಸಂತೋಷದಿಂದ ಬರಮಾಡಿಕೊಂಡಿರಬೇಕು ಎಂದು ಯಾರಾದರೂ ಊಹಿಸಿಯಾರು. ನಡೆದದ್ದು ಅದಕ್ಕೆ ವಿರುದ್ಧ. ಫ್ರಾನ್ಸಿನ ಸೇಂಟ್ ಎಟಿಯೆನ್ ಊರಿನಲ್ಲಿ ಪೋಲ್ ದ ವಿವಿ ಎಂಬ ಮಹನೀಯನಿದ್ದ. ‘ವೆಲೋಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಅವನು ಸೈಕಲ್ ಪತ್ರಿಕೆಯೊಂದರ ಸಂಪಾದಕನೂ ಹೌದು. ಊರಿನ ಸುತ್ತ ಗುಡ್ಡಗಳೇ ಆದ್ದರಿಂದ ಒಂದೇ ಗೇರಿನ ಸೈಕಲ್ ಎಷ್ಟು ಅವಿವೇಕದ್ದೆಂದು ಅವನಿಗೆ ದಿನವೂ ಕಾಣುತ್ತಿತ್ತು. ಹಲವು ಗೇರುಗಳಿರಬೇಕೆಂದು ಜೀವನವಿಡೀ ವಾದಿಸಿದ. ಅವನ ಎದುರಾಳಿಯಾಗಿ ನಿಂತವನು ಸಾಮಾನ್ಯನಲ್ಲ: 1903ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಹುಟ್ಟುಹಾಕಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್. ಬದಲಾಗುವ ಗೇರುಗಳು 45 ದಾಟಿದವರಿಗೆ ಮಾತ್ರ ಎಂಬುದು ದೆಗ್ರಾಂಜನ ನಿಲುವು. ಗೆಲ್ಲಬೇಕಾದದ್ದು ಮಾಂಸಖಂಡ, ಯಂತ್ರದ ಚಮತ್ಕಾರವಲ್ಲ ಎಂದು ಆತ ನಂಬಿದ್ದ. ಪತ್ರಿಕೆಯೂ ಅವನದು, ಪಂದ್ಯವೂ ಅವನದು. ಹಾಗಾಗಿ ಅವನ ಮಾತೇ ನಡೆಯಿತು. ಸವಾರರ ಹಿಂಗಾಲಿಯ ಎರಡೂ ಬದಿಗೆ ಒಂದೊಂದು ಹಲ್ಲುಚಕ್ರವಿರುತ್ತಿತ್ತು. ದಿಬ್ಬದ ಬುಡಕ್ಕೆ ಬಂದಾಗ ಇಳಿದು, ನಟ್ಟು ಸಡಿಲಿಸಿ, ಗಾಲಿ ಕಳಚಿ, ತಿರುಗಿಸಿ ಹಾಕಿಕೊಂಡು ಹತ್ತುವುದು. ಮೇಲೆ ಹೋಗಿ ಮತ್ತೆ ಅದನ್ನೇ ಮಾಡುವುದು. ಇಟಲಿಯಲ್ಲಿ ಒಂದು ಪಂದ್ಯದ ನಡುವೆ, ಹಿಮ ಸುರಿಯುವ ಘಾಟಿಯೊಂದರಲ್ಲಿ, ಮರಗಟ್ಟಿದ ಬೆರಳುಗಳಿಂದ ಈ ನಟ್ಟು ತಿರುಗಿಸಲಾರದೆ ಸೋತ ತುಲ್ಯೊ ಕ್ಯಾಂಪಾನ್ಯೋಲೊ ಎಂಬ ಯುವಕ ಆ ಸಿಟ್ಟಿನಲ್ಲೇ ಸನ್ನೆಯೊಂದನ್ನು ಎಳೆದರೆ ಗಾಲಿ ಕಳಚುವ ಸಾಧನವನ್ನು ಯೋಚಿಸಿದ ಎಂಬ ಕಥೆಯಿದೆ. ಅವನು ಸ್ಥಾಪಿಸಿದ ಕಂಪನಿ ಮುಂದೆ ಗೇರುಗಳಿಗೇ ಜಗತ್ಪ್ರಸಿದ್ಧವಾಯಿತು. ಟೂರ್ ದ ಫ್ರಾನ್ಸಿನಲ್ಲಿ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ವೆಲೋಸಿಯೊ 1930ರಲ್ಲೇ ಟ್ರಾಮ್ ಬಡಿದು ತೀರಿಕೊಂಡಿದ್ದ.

ಇತ್ತ ಬೆಲ್ಜಿಯಂನ ಫ್ಲಾಂಡರ್ಸ್ ಸೀಮೆಯಲ್ಲಿ ದಿಬ್ಬಗಳ ಕಥೆ ಬೇರೆಯೇ ದಾರಿ ಹಿಡಿಯಿತು. ಅಲ್ಲಿ 1913ರಲ್ಲಿ ಕಾರೆಲ್ ವಾನ್ ವೈನೆಂಡಾಲೆ ಎಂಬ ಪತ್ರಕರ್ತ ಫ್ಲಾಂಡರ್ಸ್ ಪ್ರವಾಸ ಪಂದ್ಯವನ್ನು ಆರಂಭಿಸಿದ. ಫ್ರೆಂಚ್ ನುಡಿಯೇ ದೊಡ್ಡಸ್ತಿಕೆಯಾಗಿದ್ದ ದೇಶದಲ್ಲಿ, ಫ್ಲೆಮಿಷ್ ಮಾತಾಡುವ ರೈತರ, ಕೂಲಿಕಾರರ ಮಕ್ಕಳಿಗೆ ತಮ್ಮದೇ ಊರಿನ ಹೊಲಗದ್ದೆಗಳ ನಡುವೆ ಓಡುವ ಪಂದ್ಯವೊಂದು ಬೇಕೆಂಬ ಹಟ ಅದರ ಹಿಂದಿತ್ತು. ಮೊದಲ ಮಹಾಯುದ್ಧ ಮುಗಿದು 1919ರಲ್ಲಿ ಪಂದ್ಯ ಮತ್ತೆ ಶುರುವಾದಾಗ ಕ್ವಾರೆಮಾಂಟ್ ಮುಂತಾದ ದಿಬ್ಬಗಳು ದಾರಿಯಲ್ಲಿ ಸೇರಿಕೊಂಡವು. 1950ರಲ್ಲಿ ಗೆರಾರ್ಡ್ಸ್‌ಬರ್ಗನ್ ಊರಿನ ‘ಮ್ಯೂರ್’ ಬಂತು. ಮ್ಯೂರ್ ಎಂದರೆ ಗೋಡೆ. ಪೇಟೆಯ ಬೀದಿಯಿಂದ ಹೊರಟು ಸುಮಾರು ಒಂದು ಕಿಲೋಮೀಟರ್ ಹತ್ತಿದರೆ ತುದಿಯಲ್ಲಿ ಒಂದು ಪುಟ್ಟ ಪ್ರಾರ್ಥನಾ ಮಂದಿರ. ಕೊನೆಯ ತಿರುವಿನಲ್ಲಿ ಏರು ಶೇ. 20ನ್ನು ಮುಟ್ಟುತ್ತದೆ.

ಎರಡನೇ ಮಹಾಯುದ್ಧದ ನಂತರ ವಿಚಿತ್ರ ಸಮಸ್ಯೆಯೊಂದು ಎದುರಾಯಿತು. ದೇಶ ಸಿರಿವಂತವಾಯಿತು, ರಸ್ತೆಗಳಿಗೆ ಡಾಂಬರು ಬಂತು, ಗೇರುಗಳು ಸುಧಾರಿಸಿದವು. ಹಿಂದೆ ಸವಾರರ ಗುಂಪನ್ನು ಚೆಲ್ಲಾಪಿಲ್ಲಿ ಮಾಡುತ್ತಿದ್ದ ದಿಬ್ಬಗಳನ್ನು ಈಗ ಎಲ್ಲರೂ ಸಲೀಸಾಗಿ ದಾಟತೊಡಗಿದರು. ಸರ್ಕಾರ ರಸ್ತೆ ಸರಿಮಾಡುತ್ತಿದ್ದರೆ ಪಂದ್ಯದ ಸಂಘಟಕರು ಕೆಟ್ಟ ರಸ್ತೆಗಾಗಿ ಹಳ್ಳಿಹಳ್ಳಿ ಹುಡುಕಿದರು! 1976ರಲ್ಲಿ ಕೊಪ್ಪೆನ್‌ಬರ್ಗ್ ಪಂದ್ಯಕ್ಕೆ ಸೇರಿದ್ದು ಈ ಹುಡುಕಾಟದ ಫಲವಾಗಿ. ಹತ್ತು ವರ್ಷದ ಮೇಲೆ ಬಂದ ಪಾಟರ್‌ಬರ್ಗಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿನ ರೈತನೊಬ್ಬನಿಗೆ ಪಂದ್ಯ ತನ್ನ ಮನೆಯ ಮುಂದೆಯೂ ಹಾಯಬೇಕೆಂಬ ಆಸೆ. ಹೊಲದ ಪಕ್ಕದ ಮಣ್ಣಿನ ಏರುದಾರಿಗೆ ಕಲ್ಲು ಹಾಸಿಸಿದ. 1986ರಿಂದ ಪಂದ್ಯ ಅಲ್ಲಿ ಹಾಯುತ್ತಿದೆ. 360 ಮೀಟರ್ ಉದ್ದ, ಸರಾಸರಿ ಏರು ಶೇ. 12.9. ಇಂದು ಆ ಪಂದ್ಯದ ಕೊಟ್ಟಕೊನೆಯ ದಿಬ್ಬ ಅದೇ.

ಕೊಪ್ಪೆನ್‌ಬರ್ಗ್ ಬಂದ ಮೊದಲ ವರ್ಷವೇ ಎಡ್ಡಿ ಮರ್ಕ್ಸ್ ಅದರಲ್ಲಿ ಇಳಿದು ನಡೆಯಬೇಕಾಯಿತು. ಐದು ಬಾರಿ ಟೂರ್ ದ ಫ್ರಾನ್ಸ್ ಗೆದ್ದವನು, ಹಿಂದಿನ ವರ್ಷವಷ್ಟೇ ಇದೇ ಪಂದ್ಯವನ್ನು ಗೆದ್ದವನು. 1984ರಲ್ಲಿ ನೆದರ್ಲೆಂಡ್ಸಿನ ಯಾನ್ ರಾಸ್ ಮತ್ತು ಆಸ್ಟ್ರೇಲಿಯದ ಫಿಲ್ ಆಂಡರ್ಸನ್, ಇವರಿಬ್ಬರೇ ಕಾಲು ನೆಲಕ್ಕಿಡದೆ ಹತ್ತಿದರೆಂದು ಇಂದಿಗೂ ಹೇಳುತ್ತಾರೆ. ಇದಕ್ಕೆ ಕಾಲಿನ ದೌರ್ಬಲ್ಯ ಕಾರಣವಲ್ಲ. ಆ ಕಾಲದ ಪಂದ್ಯದ ಸೈಕಲ್ಲುಗಳಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 42 ಹಲ್ಲುಗಳಿರುವುದು ಸಾಮಾನ್ಯವಾಗಿತ್ತು. ಹಿಂದೆ 21 ಹಲ್ಲು ಎಂದಿಟ್ಟುಕೊಂಡರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 4.2 ಮೀಟರ್ ಹೋಗುತ್ತದೆ. ಗಂಟೆಗೆ 8 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 32 ಸುತ್ತು. ಇದು ಸೈಕಲ್ ತುಳಿಯುವುದಲ್ಲ, ಏತ ತುಳಿಯುವುದು. ಪ್ರತಿ ಸುತ್ತಿನಲ್ಲೂ ಪೆಡಲ್ ಮೇಲೆ ಕೆಳಗೆ ನೇರವಾಗಿ ನಿಲ್ಲುವ ಗಳಿಗೆಯೊಂದಿದೆ. ಆಗ ತಳ್ಳುವ ಬಲ ಇಲ್ಲವಾಗಿ ಗಾಲಿ ನಿಂತಂತಾಗುತ್ತದೆ. ಎದ್ದುನಿಂತು ಮೈಭಾರ ಹಾಕಿದರೆ ಆ ಗಳಿಗೆ ದಾಟಬಹುದು, ಆದರೆ ಭಾರ ಮುಂದಕ್ಕೆ ಹೋಗಿ ಹಿಂಗಾಲಿ ಒದ್ದೆ ಕಲ್ಲಿನ ಮೇಲೆ ಜಾರುತ್ತದೆ. ಕೂತೇ ತುಳಿದರೆ ಹಿಡಿತ ಸಿಗುತ್ತದೆ, ಬಲ ಸಾಲುವುದಿಲ್ಲ. ಈ ಇಕ್ಕಟ್ಟಿನ ನಡುವೆ ಮುಂದೆ ಹೋಗುತ್ತಿದ್ದವನೊಬ್ಬ ಇಳಿದರೆ ಮುಗಿಯಿತು, ಇಕ್ಕಟ್ಟಾದ ಓಣಿಯಲ್ಲಿ ಹಿಂದಿನವರೆಲ್ಲ ಇಳಿಯಲೇಬೇಕು. ಆದ್ದರಿಂದಲೇ ಫ್ಲಾಂಡರ್ಸಿನ ಸವಾರರು ದಿಬ್ಬಕ್ಕೆ ಎರಡು ಮೂರು ಕಿಲೋಮೀಟರ್ ಮೊದಲೇ ಮುಂದಿನ ಸಾಲು ಸೇರಲು ಮೊಣಕೈ ಹಾಕಿ ಗುದ್ದಾಡುತ್ತಾರೆ. ಏರಿನ ಅರ್ಧ ಜಯ ಸಪಾಟು ರಸ್ತೆಯಲ್ಲೇ ನಿರ್ಧಾರವಾಗಿರುತ್ತದೆ.

ಇಂಥ ದಿಬ್ಬಕ್ಕೆ ಮೈಯನ್ನು ಹೇಗೆ ತಯಾರು ಮಾಡಬೇಕು? ಬಹುಕಾಲ ಇದಕ್ಕಿದ್ದ ಉತ್ತರ ಒಂದೇ: ಇನ್ನಷ್ಟು ಸೈಕಲ್ ತುಳಿ. ಚಳಿಗಾಲದಲ್ಲಿ ಸಾವಿರಾರು ಕಿಲೋಮೀಟರ್ ತುಳಿದವನಿಗೆ ವಸಂತದಲ್ಲಿ ಕಾಲು ಬರುತ್ತದೆ ಎಂಬುದು ಗುರುಗಳ ಮಾತು. ಬುದ್ಧಿವಂತರು ಕೆಲವರು ಬೇರೆ ದಾರಿ ಹಿಡಿದಿದ್ದರು. ಫ್ರಾನ್ಸಿನಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲೇ ಸೈಕ್ಲೋಕ್ರಾಸ್ ಎಂಬ ಕೆಸರಿನಾಟ ಹುಟ್ಟಿತ್ತು. ಗದ್ದೆ, ತೋಪು, ದಿಣ್ಣೆಗಳ ಮೇಲೆ ಸುಮಾರು ಒಂದು ಗಂಟೆ ಸುತ್ತುಹೊಡೆಯುವುದು. ತುಳಿಯಲಾಗದ ಕಡೆ ಸೈಕಲ್ಲನ್ನು ಹೆಗಲಿಗೇರಿಸಿ ಓಡುವುದು. 1910ರ ಟೂರ್ ದ ಫ್ರಾನ್ಸ್ ಗೆದ್ದ ಒಕ್ತಾವ್ ಲಾಪಿಜ್ ತನ್ನ ಗೆಲುವಿನಲ್ಲಿ ಚಳಿಗಾಲದ ಈ ಆಟಕ್ಕೂ ಪಾಲು ಕೊಟ್ಟಿದ್ದ. ಹತ್ತು ಇಪ್ಪತ್ತು ಸೆಕೆಂಡು ಪ್ರಾಣ ಹೋಗುವಂತೆ ದುಡಿದು, ಅರೆಗಳಿಗೆ ಸುಧಾರಿಸಿಕೊಂಡು, ಮತ್ತೆ ದುಡಿಯುವ ಲಯ ಅದರದು. ಗಿಡ್ಡ ದಿಬ್ಬಗಳಿಗೆ ಬೇಕಾದದ್ದೂ ಅದೇ. ಆದರೆ ಅದು ಏಕೆ ಫಲಿಸುತ್ತದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ತಿಳಿಸಿದವರು ಸೈಕಲ್ಲಿನವರಲ್ಲ, ಓಟದವರು. 1930ರ ದಶಕದಲ್ಲಿ ಜರ್ಮನಿಯಲ್ಲಿ ವಾಲ್ಡೆಮಾರ್ ಗೆರ್ಷ್‌ಲರ್ ಎಂಬ ತರಬೇತುದಾರ ಮತ್ತು ಹಾನ್ಸ್ ರೈನ್‌ಡೆಲ್ ಎಂಬ ಹೃದಯತಜ್ಞ ಸೇರಿ ಬಿಟ್ಟುಬಿಟ್ಟು ಓಡುವ ಪದ್ಧತಿಯೊಂದನ್ನು ರೂಪಿಸಿದರು. ನಾಡಿಬಡಿತ ನಿಮಿಷಕ್ಕೆ 180ಕ್ಕೆ ಏರುವಂತೆ ಸ್ವಲ್ಪ ದೂರ ಓಡಿಸುವುದು; ಒಂದೂವರೆ ನಿಮಿಷದೊಳಗೆ ಅದು 120ಕ್ಕೆ ಇಳಿದರೆ ಮತ್ತೆ ಓಡಿಸುವುದು; ಇಳಿಯದಿದ್ದರೆ ಆ ದಿನದ ಪಾಠ ಮುಗಿಯಿತು. ಗೆರ್ಷ್‌ಲರನ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ 800 ಮೀಟರ್ ಓಟದಲ್ಲಿ 1 ನಿಮಿಷ 46.6 ಸೆಕೆಂಡಿನ ವಿಶ್ವದಾಖಲೆ ಮಾಡಿದ. ಯುದ್ಧದ ನಂತರ ಜೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ 400 ಮೀಟರನ್ನು ದಿನಕ್ಕೆ ಹತ್ತಾರು ಸಲ ಓಡಿ ಅಭ್ಯಾಸ ಮಾಡಿ 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದ. 1960ರಲ್ಲಿ ಸ್ವೀಡನ್ನಿನ ಆಸ್ಟ್ರಾಂಡ್ ದಂಪತಿಗಳು ಮತ್ತು ಅವರ ಸಂಗಡಿಗರು ಪ್ರಯೋಗಾಲಯದಲ್ಲಿ ನಿಲ್ಲಿಸಿದ ಸೈಕಲ್ಲಿನ ಮೇಲೆ ಇದನ್ನು ಪರೀಕ್ಷಿಸಿದರು. ಒಂದೇ ಸಮನೆ ಮಾಡಿದರೆ ಕೆಲವೇ ನಿಮಿಷಕ್ಕೆ ಸೋತುಹೋಗುವಷ್ಟು ಭಾರದ ಕೆಲಸವನ್ನು, ಅರ್ಧ ನಿಮಿಷ ದುಡಿಮೆ ಅರ್ಧ ನಿಮಿಷ ವಿಶ್ರಾಂತಿ ಎಂದು ಒಡೆದು ಕೊಟ್ಟರೆ, ಅದೇ ಮನುಷ್ಯ ಒಂದು ಗಂಟೆಯವರೆಗೂ ಮಾಡಬಲ್ಲ ಎಂದು ಕಂಡುಬಂತು. ಭಾರಿ ಹೊರೆಯನ್ನು ಹೊರುವ ಅಭ್ಯಾಸ ಕಾಲಿಗೂ ಆಗುತ್ತದೆ, ಮೈಯೂ ಮುರಿದುಬೀಳುವುದಿಲ್ಲ.

1965ರಲ್ಲಿ ಫ್ರಾನ್ಸಿನ ಮೊನೊ ಮತ್ತು ಶೆರೆರ್ ಎಂಬ ವಿಜ್ಞಾನಿಗಳು ಇನ್ನೊಂದು ಉಪಯುಕ್ತ ಲೆಕ್ಕ ಕೊಟ್ಟರು. ಮಾಂಸಖಂಡಕ್ಕೆ ಬಹಳ ಹೊತ್ತು ತಾಳಿಕೊಳ್ಳಬಲ್ಲ ದುಡಿಮೆಯ ಮಿತಿಯೊಂದಿರುತ್ತದೆ. ಅದರ ಮೇಲೆ ದುಡಿಯಬೇಕಾದರೆ ಒಂದು ಗಡಿಗೆಯಷ್ಟು ಶಕ್ತಿ ಮಾತ್ರ ಕೂಡಿಟ್ಟಿರುತ್ತದೆ. ಉದಾಹರಣೆಗೆ ಒಬ್ಬನ ಮಿತಿ 300 ವಾಟ್, ಗಡಿಗೆಯಲ್ಲಿರುವುದು 20,000 ಜೂಲ್ ಎನ್ನಿ. 400 ವಾಟಿನಲ್ಲಿ ಹತ್ತಿದರೆ 200 ಸೆಕೆಂಡಿಗೆ ಗಡಿಗೆ ಬರಿದು. 500 ವಾಟಿನಲ್ಲಿ 100 ಸೆಕೆಂಡಿಗೆ. ಮಿತಿಯ ಕೆಳಗೆ ಇಳಿದಾಗ ಮಾತ್ರ ಅದು ಮತ್ತೆ ತುಂಬಿಕೊಳ್ಳುತ್ತದೆ, ಅದೂ ನಿಧಾನವಾಗಿ. ಫ್ಲಾಂಡರ್ಸಿನ ಪಂದ್ಯ ಈ ಗಡಿಗೆಯನ್ನು ಹದಿನೈದಿಪ್ಪತ್ತು ಸಲ ಬರಿದು ಮಾಡುವ ಆಟ. ಏರಿನಲ್ಲಿ ಸುಧಾರಿಸಬಯಸುವವನು ಮೂರು ಕೆಲಸ ಮಾಡಬೇಕು: ಮಿತಿಯನ್ನು ಎತ್ತರಿಸಬೇಕು, ಗಡಿಗೆಯನ್ನು ದೊಡ್ಡದು ಮಾಡಬೇಕು, ಬೇಗ ತುಂಬಿಕೊಳ್ಳುವುದನ್ನು ಮೈಗೆ ಕಲಿಸಬೇಕು. ಬರೀ ಕಿಲೋಮೀಟರು ಹೆಚ್ಚಿಸಿದರೆ ಆಗುವುದು ಮೊದಲನೆಯದು ಮಾತ್ರ. 1996ರಲ್ಲಿ ಜಪಾನಿನ ಇಜುಮಿ ತಬಾತ ಪ್ರಕಟಿಸಿದ ಪ್ರಯೋಗದಲ್ಲಿ ಇದು ಸ್ಪಷ್ಟವಾಯಿತು. ಒಂದು ತಂಡ ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ, ಹದವಾಗಿ ಸೈಕಲ್ ತುಳಿಯಿತು. ಇನ್ನೊಂದು ತಂಡಕ್ಕೆ 20 ಸೆಕೆಂಡು ಸರ್ವಶಕ್ತಿಯಿಂದ ತುಳಿತ, 10 ಸೆಕೆಂಡು ವಿಶ್ರಾಂತಿ, ಹೀಗೆ ಏಳೆಂಟು ಆವರ್ತ. ಒಟ್ಟು ನಾಲ್ಕೇ ನಿಮಿಷ. ಆರು ವಾರದ ಮೇಲೆ ಇಬ್ಬರಲ್ಲೂ ಆಮ್ಲಜನಕ ಬಳಸುವ ಶಕ್ತಿ ಹೆಚ್ಚಿತ್ತು. ಆದರೆ ಆಮ್ಲಜನಕದ ನೆರವಿಲ್ಲದೆ ದುಡಿಯುವ ಸಾಮರ್ಥ್ಯ ಹೆಚ್ಚಿದ್ದು ಎರಡನೇ ತಂಡದಲ್ಲಿ ಮಾತ್ರ, ಶೇ. 28ರಷ್ಟು. ನಾಲ್ಕು ನಿಮಿಷವೆಂದರೆ ಸುಲಭವೆಂದು ಭಾವಿಸಿದವರು ಒಮ್ಮೆ ಮಾಡಿ ನೋಡಬೇಕು.

ವಿಜ್ಞಾನ ಮತ್ತು ದಿಬ್ಬ ಕೈಜೋಡಿಸಿದ್ದಕ್ಕೆ ಒಳ್ಳೆಯ ನಿದರ್ಶನ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್. 1988ರಿಂದ 1991ರವರೆಗೆ ನಾಲ್ಕು ವರ್ಷ ಸತತವಾಗಿ ಬ್ರಿಟನ್ನಿನ ಏರುಪಂದ್ಯದ ರಾಷ್ಟ್ರೀಯ ಪ್ರಶಸ್ತಿ ಅವನದಾಯಿತು. ಅವನಿಗೆ ತರಬೇತಿ ಕೊಟ್ಟ ಪೀಟರ್ ಕೀನ್ ವೃತ್ತಿಯಿಂದ ಕ್ರೀಡಾವಿಜ್ಞಾನಿ. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಬೋರ್ಡ್‌ಮನ್ 4,000 ಮೀಟರ್ ಟ್ರ್ಯಾಕ್ ಪಂದ್ಯದ ಚಿನ್ನ ಗೆದ್ದ. ಅಂತಿಮ ಸುತ್ತಿನಲ್ಲಿ ಎದುರಾಳಿಯನ್ನೇ ಹಿಂದಿನಿಂದ ಬಂದು ಹಿಡಿದುಬಿಟ್ಟ. ಜನ ಅವನ ವಿಚಿತ್ರಾಕಾರದ ಸೈಕಲ್ಲನ್ನು ಹೊಗಳಿದರು. ಆದರೆ ಟ್ರ್ಯಾಕಿನ ಆ ನಾಲ್ಕೂವರೆ ನಿಮಿಷಕ್ಕೂ ಇಂಗ್ಲಿಷ್ ದಿಬ್ಬದ ನಾಲ್ಕಾರು ನಿಮಿಷಕ್ಕೂ ಮೈ ಕೇಳುವ ಕೆಲಸ ಒಂದೇ ಎಂಬುದನ್ನು ಗಮನಿಸಿದವರು ಕಡಿಮೆ. ಇದೇ ಹೊತ್ತಿಗೆ ಜರ್ಮನಿಯ ಉಲ್ರಿಚ್ ಶೋಬೆರರ್ 1986ರಲ್ಲಿ ರೂಪಿಸಿದ ವಾಟ್ ಮಾಪಕ ಸೈಕಲ್ಲಿಗೇ ಕೂಡಿಕೊಂಡು ಪ್ರಯೋಗಾಲಯವನ್ನು ರಸ್ತೆಗೆ ತಂದಿತ್ತು.

ಈ ಕಥೆಯಲ್ಲಿ ಕತ್ತಲೆಯ ಪುಟವೂ ಇದೆ. ಬೆಲ್ಜಿಯಂನ ಫ್ರೆಂಚ್ ಸೀಮೆಯಲ್ಲಿ ಉಯಿ ಎಂಬ ಊರಿದೆ. ಅಲ್ಲೂ ಒಂದು ‘ಗೋಡೆ’: 1.3 ಕಿ.ಮೀ. ಉದ್ದ, ಸರಾಸರಿ ಶೇ. 9.6 ಏರು. 1985ರಿಂದ ಫ್ಲೆಷ್ ವಾಲೋನ್ ಪಂದ್ಯ ಮುಗಿಯುವುದು ಅದರ ನೆತ್ತಿಯ ಮೇಲೆ. 1994ರಲ್ಲಿ ಒಂದೇ ತಂಡದ ಮೂವರು ಉಳಿದೆಲ್ಲರನ್ನೂ ಹಿಂದೆ ಬಿಟ್ಟು ಹೋಗಿ ಮೊದಲ ಮೂರು ಸ್ಥಾನ ಪಡೆದರು. ರಕ್ತದ ಕೆಂಪುಕಣ ಹೆಚ್ಚಿಸುವ ಇಪಿಒ ಔಷಧದ ಬಗ್ಗೆ ಆ ತಂಡದ ವೈದ್ಯ ಮಿಕೆಲೆ ಫೆರಾರಿಯನ್ನು ಪತ್ರಕರ್ತರು ಕೇಳಿದಾಗ, ಅದೇನೂ ಅಪಾಯಕಾರಿಯಲ್ಲ, ಹತ್ತು ಲೀಟರ್ ಕಿತ್ತಳೆ ರಸ ಕುಡಿದರೂ ಅಪಾಯವೇ ಎಂಬರ್ಥದ ಮಾತಾಡಿದ. ಕ್ರೀಡೆಯಲ್ಲಿ ಆ ಔಷಧ ಆಗಲೇ ನಿಷಿದ್ಧವಾಗಿತ್ತು, ಅದನ್ನು ಪತ್ತೆಹಚ್ಚುವ ಪರೀಕ್ಷೆ ಮಾತ್ರ ಬಂದಿರಲಿಲ್ಲ. ಪರೀಕ್ಷೆ ಬಂದದ್ದು 2000ದಲ್ಲಿ. ಫೆರಾರಿಗೆ 2012ರಲ್ಲಿ ಅಮೆರಿಕದ ಮದ್ದು ನಿಗ್ರಹ ಸಂಸ್ಥೆ ಆಜೀವ ನಿಷೇಧ ವಿಧಿಸಿತು. ಯಂತ್ರದ ಗೇರನ್ನೇ ಮೋಸವೆಂದು ಬಗೆದಿದ್ದ ದೆಗ್ರಾಂಜ್ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ. ಆ ದಶಕದ ಏರುದಾಖಲೆಗಳಲ್ಲಿ ಯಾವುದು ಅಭ್ಯಾಸದ್ದು, ಯಾವುದು ಸೂಜಿಯದು ಎಂದು ಬೇರ್ಪಡಿಸುವುದು ಈಗ ಸಾಧ್ಯವಿಲ್ಲ. ಮದ್ದು ಮುಟ್ಟದೆ ಅದೇ ದಿಬ್ಬಗಳಲ್ಲಿ ಹಿಂದೆ ಬಿದ್ದವರಿಗೆ ಆದ ಅನ್ಯಾಯಕ್ಕೆ ಪರಿಹಾರವೂ ಇಲ್ಲ.

ಉಯಿಯ ಗೋಡೆಯ ಇತ್ತೀಚಿನ ಇತಿಹಾಸದಲ್ಲಿ ಎದ್ದುಕಾಣುವ ಹೆಸರು ಒಬ್ಬ ಮಹಿಳೆಯದು. ಮಹಿಳೆಯರ ಫ್ಲೆಷ್ ವಾಲೋನ್ 1998ರಲ್ಲಿ ಆರಂಭವಾಯಿತು. 2015ರಿಂದ 2021ರವರೆಗೆ, ಒಂದು ವರ್ಷವೂ ತಪ್ಪದೆ ಏಳು ಸಲ, ಅದನ್ನು ನೆದರ್ಲೆಂಡ್ಸಿನ ಆನಾ ವಾನ್ ಡರ್ ಬ್ರೆಗನ್ ಗೆದ್ದಳು. ಪುರುಷರಲ್ಲಿ ಯಾರೂ ಅಲ್ಲಿ ಅಷ್ಟು ಸಲ ಗೆದ್ದಿಲ್ಲ.

ಕೊಪ್ಪೆನ್‌ಬರ್ಗ್ 2002ರಲ್ಲಿ ದುರಸ್ತಿಯಾಗಿ, ಸ್ವಲ್ಪ ಅಗಲವಾಗಿ ಪಂದ್ಯಕ್ಕೆ ಮರಳಿತು. ಪಂದ್ಯದಿಂದ ಹೊರಗಿದ್ದ ಕಾಲದಲ್ಲೂ ಅದು ಸುಮ್ಮನಿರಲಿಲ್ಲ. 1988ರಿಂದ ಅದೇ ದಿಬ್ಬದ ಮೈಮೇಲೆ ನವೆಂಬರ್ ಮೊದಲ ದಿನ ಸೈಕ್ಲೋಕ್ರಾಸ್ ಪಂದ್ಯವೊಂದು ನಡೆಯತೊಡಗಿತ್ತು. ಕೆಸರಿನ ಆ ಶಾಲೆಯಲ್ಲೇ ಬೆಳೆದು ಹಲವು ಸಲ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ ಆದವನು ನೆದರ್ಲೆಂಡ್ಸಿನ ಮಾಥ್ಯೂ ವಾನ್ ಡರ್ ಪೂಲ್. 2024ರ ಮಾರ್ಚ್ 31ರಂದು ಫ್ಲಾಂಡರ್ಸಿನ ಪಂದ್ಯ ಕೊಪ್ಪೆನ್‌ಬರ್ಗಿನ ಬುಡಕ್ಕೆ ಬಂದಾಗ ಮಳೆ ಸುರಿದು ಕಲ್ಲುಗಳು ಎಣ್ಣೆ ಹಚ್ಚಿದಂತೆ ಜಾರುತ್ತಿದ್ದವು. ಗುರಿ ಇನ್ನೂ ಸುಮಾರು 45 ಕಿ.ಮೀ. ದೂರವಿತ್ತು. ವಾನ್ ಡರ್ ಪೂಲ್ ಕಾಲು ನೆಲಕ್ಕಿಡದೆ ಏರಿ ಒಬ್ಬನೇ ಮುಂದೆ ಹೋದ, ಮೂರನೇ ಸಲ ಆ ಪಂದ್ಯವನ್ನು ಗೆದ್ದ. ಅವನ ಬೆನ್ನ ಹಿಂದೆ ಜಗತ್ತಿನ ಅತ್ಯುತ್ತಮ ಸವಾರರಲ್ಲಿ ಬಹುಪಾಲು ಮಂದಿ, ಹನ್ನೆರಡು ಹಲ್ಲುಚಕ್ರಗಳ ಗೇರು ಮತ್ತು ವಾಟ್ ಮಾಪಕವಿದ್ದ ಸೈಕಲ್ಲುಗಳನ್ನು ಹಿಡಿದುಕೊಂಡು, ಕಬ್ಬಿಣದಂತೆ ಗಟ್ಟಿಯಾದ ಅಟ್ಟೆಯ ಬೂಟುಗಳಲ್ಲಿ ಒದ್ದೆ ಕಲ್ಲಿನ ಮೇಲೆ ಜಾರುತ್ತ, ಓಣಿಯ ಅಂಚಿನ ಹುಲ್ಲು ಹುಡುಕಿಕೊಂಡು ತಳ್ಳುತ್ತ ಮೇಲಕ್ಕೆ ನಡೆಯುತ್ತಿದ್ದರು.